ಹೂಡಿಕೆದಾರರ ಮುಂದೆ ಮೊದಲ ನಾಲ್ಕು ನಿಮಿಷ: ಗ್ರಾಮೀಣ ನವೋದ್ಯಮಿಗೆ ಪಂಚಾಯತಿ ಸದಸ್ಯರ ನೆರವು

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಇತ್ತೀಚಿನ ವರ್ಷಗಳಲ್ಲಿ ಗ್ರಾಮ ಪಂಚಾಯತಿ ಕಚೇರಿಗಳಿಗೆ ಹೊಸ ಬಗೆಯ ಅರ್ಜಿದಾರರು ಬರತೊಡಗಿದ್ದಾರೆ. ಮನೆ, ನಲ್ಲಿ, ಪಿಂಚಣಿಗಳ ಅರ್ಜಿ ಹಿಡಿದವರ ಸಾಲಿನಲ್ಲಿಯೇ ಲ್ಯಾಪ್‌ಟಾಪ್ ಚೀಲ ಹೊತ್ತ ಯುವಕನೊಬ್ಬನೋ, ಸ್ವಸಹಾಯ ಸಂಘದ ಪ್ರತಿನಿಧಿಯಾದ ಮಹಿಳೆಯೋ ನಿಂತು, ಘಟಕಕ್ಕೆ ಪರವಾನಗಿ ಬೇಕೆಂದೂ, ಗುರುವಾರ ಹೂಡಿಕೆದಾರರು ಬರುವರೆಂದೂ, ಅಧ್ಯಕ್ಷರು ಒಂದು ಗಂಟೆ ಬಿಡುವು ಮಾಡಿಕೊಳ್ಳಬೇಕೆಂದೂ ಕೋರುತ್ತಾರೆ. ಇಂತಹ ಕೋರಿಕೆಯನ್ನು ಹೇಗೆ ಸ್ವೀಕರಿಸಬೇಕೆಂಬುದರಲ್ಲಿ ಅನೇಕ ಸದಸ್ಯರಿಗೆ ಗೊಂದಲವಿರುವುದು ಸಹಜ. ಬಂಡವಾಳ ಕೇಳುವ ಕೆಲಸ ಉದ್ಯಮಿಯದು, ಪಂಚಾಯತಿಯದಲ್ಲ. ಆದರೂ ಆ ಭೇಟಿಯು ಫಲಿಸಿದರೆ ಊರಿನ ಹತ್ತಾರು ಕುಟುಂಬಗಳಿಗೆ ಕೆಲಸ ದೊರೆಯುತ್ತದೆ. ವಿಫಲವಾದರೆ ಆ ಯುವಕನು ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಆದುದರಿಂದ ಹೂಡಿಕೆದಾರರೊಂದಿಗಿನ ಮೊದಲ ಭೇಟಿಯಲ್ಲಿ ಏನು ನಡೆಯುತ್ತದೆ, ಯಾವುದು ಒಳ್ಳೆಯ ಅಭಿಪ್ರಾಯ ಮೂಡಿಸುತ್ತದೆ, ಯಾವುದು ಕೆಡಿಸುತ್ತದೆ ಎಂಬುದನ್ನು ಸದಸ್ಯರು ತಿಳಿದಿರುವುದು ಉಪಯುಕ್ತ.

ಯಾವ ಬಾಗಿಲು ತಟ್ಟಬೇಕು

ಮೊದಲು ಒಂದು ವ್ಯತ್ಯಾಸ ಸ್ಪಷ್ಟವಾಗಬೇಕು. ಬ್ಯಾಂಕು ಸಾಲ ಕೊಡುತ್ತದೆ. ಅಸಲು ಮತ್ತು ಬಡ್ಡಿ ಸಕಾಲಕ್ಕೆ ಮರಳಿ ಬರುವುದೇ ಎಂಬುದಷ್ಟೇ ಅದರ ಪ್ರಶ್ನೆ. ಸರ್ಕಾರದ ಸಹಾಯಧನ ಯೋಜನೆಯು ಅರ್ಹತೆಯನ್ನು ನೋಡುತ್ತದೆ. ಹೂಡಿಕೆದಾರನು ಸಾಲ ಕೊಡುವುದಿಲ್ಲ. ಹಣ ಕೊಟ್ಟು ಉದ್ಯಮದ ಪಾಲನ್ನು ಪಡೆಯುತ್ತಾನೆ. ಉದ್ಯಮ ಮುಳುಗಿದರೆ ಅವನ ಹಣವೂ ಮುಳುಗುತ್ತದೆ. ಹತ್ತು ಕಡೆ ಹಾಕಿದ ಹಣದಲ್ಲಿ ಹಲವು ಮುಳುಗುವುದು ಖಚಿತವೆಂದು ಅವನಿಗೆ ಗೊತ್ತು. ಆದಕಾರಣ ಉಳಿದ ಒಂದೆರಡು ಬಹಳ ದೊಡ್ಡದಾಗಿ ಬೆಳೆಯಬೇಕೆಂಬುದು ಅವನ ಲೆಕ್ಕ. ತಿಂಗಳಿಗೆ ಮೂವತ್ತು ಸಾವಿರ ರೂಪಾಯಿ ಲಾಭ ತರುವ ಹಿಟ್ಟಿನ ಗಿರಣಿಯು ಒಂದು ಕುಟುಂಬಕ್ಕೆ ಅತ್ಯುತ್ತಮ ಉದ್ಯೋಗ. ಆದರೆ ಪಾಲು ಕೊಳ್ಳುವ ಹೂಡಿಕೆದಾರನಿಗೆ ಅದರಲ್ಲಿ ಆಸಕ್ತಿ ಇರಲಾರದು.

ಸರಿಯಲ್ಲದ ಬಾಗಿಲು ತಟ್ಟುವುದೇ ಮೊದಲ ಅಭಿಪ್ರಾಯವನ್ನು ಕೆಡಿಸುವ ಅತಿ ಸಾಮಾನ್ಯ ಕಾರಣ. ಸ್ವಸಹಾಯ ಸಂಘವು ಷೇರುಗಳನ್ನು ನೀಡಲಾರದು. ಅದು ಪಾಲು ಬಂಡವಾಳ ಕೇಳಬೇಕಾದರೆ ಮೊದಲು ಕಂಪನಿಯ ರೂಪ ಪಡೆಯಬೇಕು. ಗ್ರಾಮೀಣ ಪ್ರದೇಶದ ಸಣ್ಣ ತಯಾರಿಕಾ ಘಟಕಕ್ಕೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ ಮಾರ್ಗಸೂಚಿಯಂತೆ ಸಾಮಾನ್ಯ ವರ್ಗಕ್ಕೆ ಶೇ. 25, ಮಹಿಳೆಯರೂ ಸೇರಿದಂತೆ ವಿಶೇಷ ವರ್ಗಕ್ಕೆ ಶೇ. 35 ಸಹಾಯಧನವಿದೆ. ಆಹಾರ ಸಂಸ್ಕರಣೆಯಾದರೆ 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ ಪ್ರತ್ಯೇಕವಾಗಿದೆ. ಹೊಸ ತಂತ್ರಜ್ಞಾನದ ಉದ್ಯಮಗಳಿಗೆ ರಾಜ್ಯ ಸರ್ಕಾರದ ಎಲಿವೇಟ್ ಕಾರ್ಯಕ್ರಮವು ಪಾಲು ಕೇಳದೆ 50 ಲಕ್ಷ ರೂಪಾಯಿಗಳವರೆಗೆ ಅನುದಾನ ನೀಡುತ್ತದೆ. ಅಲ್ಲಿಯೂ ತೀರ್ಪುಗಾರರ ಮುಂದೆ ನಿಂತು ಉದ್ಯಮವನ್ನು ವಿವರಿಸಲೇಬೇಕು. ಮುಂದೆ ಹೇಳುವ ಹೆಚ್ಚಿನ ಮಾತುಗಳು ಅಲ್ಲಿಗೂ, ಬ್ಯಾಂಕ್ ವ್ಯವಸ್ಥಾಪಕರ ಕೊಠಡಿಗೂ ಅನ್ವಯಿಸುತ್ತವೆ.

ಅವಧಿ ಎಷ್ಟು ಅಲ್ಪ

ಹೂಡಿಕೆದಾರರು ಉದ್ಯಮಿಗಳು ಕಳುಹಿಸುವ ಪ್ರಸ್ತಾವನೆಯ ಪುಟಗಳನ್ನು ಎಷ್ಟು ಹೊತ್ತು ನೋಡುತ್ತಾರೆ ಎಂಬುದನ್ನು ಅಮೆರಿಕದ ಡಾಕ್‌ಸೆಂಡ್ ಎಂಬ ಸಂಸ್ಥೆಯು 2015ರಲ್ಲಿ ಅಳೆದು ಪ್ರಕಟಿಸಿತು. ಸರಾಸರಿ 3 ನಿಮಿಷ 44 ಸೆಕೆಂಡು. ತಿಂಗಳುಗಟ್ಟಲೆ ಕುಳಿತು ಸಿದ್ಧಪಡಿಸಿದ ಕಡತಕ್ಕೆ ದೊರೆಯುವ ಸಮಯ ಒಂದು ಲೋಟ ಚಹಾ ಕುಡಿಯುವಷ್ಟು.

ಮುಖಾಮುಖಿ ಭೇಟಿಯಲ್ಲಿ ಅಭಿಪ್ರಾಯ ಇನ್ನೂ ಬೇಗ ಮೂಡುತ್ತದೆ. ಕೇರಳ ಮೂಲದ ಮನೋವಿಜ್ಞಾನಿ ನಳಿನಿ ಅಂಬಾಡಿ ಅವರು ರಾಬರ್ಟ್ ರೋಸೆಂಥಾಲ್ ಅವರೊಂದಿಗೆ 1993ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಉಪನ್ಯಾಸಕರು ಪಾಠ ಮಾಡುತ್ತಿರುವ ಧ್ವನಿರಹಿತ ದೃಶ್ಯದ ಹತ್ತು ಸೆಕೆಂಡಿನ ಮೂರು ತುಣುಕುಗಳನ್ನು ಅಪರಿಚಿತರಿಗೆ ತೋರಿಸಿ, ಆ ಉಪನ್ಯಾಸಕರಿಗೆ ಅಂಕ ಕೊಡಲು ಹೇಳಲಾಯಿತು. ಅವರು ಕೊಟ್ಟ ಅಂಕಗಳು, ಅವಧಿಯುದ್ದಕ್ಕೂ ಪಾಠ ಕೇಳಿದ ವಿದ್ಯಾರ್ಥಿಗಳು ಕೊಟ್ಟ ಅಂಕಗಳಿಗೆ ಬಹುಮಟ್ಟಿಗೆ ಹೊಂದಿಕೆಯಾದವು. ಇಲ್ಲಿ ಎಚ್ಚರ ಬೇಕು: ಮೊದಲ ನೋಟ ಸದಾ ಸತ್ಯವೆಂದು ಈ ಪ್ರಯೋಗ ಹೇಳುವುದಿಲ್ಲ. ಕೆಲವೇ ಸೆಕೆಂಡುಗಳ ನೋಟದಲ್ಲಿ ಮೂಡಿದ ಅಭಿಪ್ರಾಯವು ದೀರ್ಘ ಪರಿಚಯದ ಬಳಿಕ ಮೂಡುವ ಅಭಿಪ್ರಾಯಕ್ಕೆ ಹೊಂದಿಕೆಯಾಗಬಹುದು ಎಂಬುದು ಮಾತ್ರ ಅದರಿಂದ ಗ್ರಹಿಸಬಹುದಾದ ಅಂಶ.

ದೂರದರ್ಶನದ ಶಾರ್ಕ್ ಟ್ಯಾಂಕ್ ಕಾರ್ಯಕ್ರಮ 2021ರ ಡಿಸೆಂಬರಿನಲ್ಲಿ ನಮ್ಮ ದೇಶದಲ್ಲಿ ಆರಂಭವಾದ ಮೇಲೆ ಹಳ್ಳಿಯ ಯುವಕರಲ್ಲಿಯೂ ಒಂದು ಕಲ್ಪನೆ ಬೇರೂರಿದೆ: ಕೋಟು ಧರಿಸಿ, ಇಂಗ್ಲಿಷಿನಲ್ಲಿ, ನಾಟಕೀಯವಾಗಿ ಮಾತನಾಡಬೇಕು ಎಂಬುದು. ಅದೇ ಕಾರ್ಯಕ್ರಮದ ಮೊದಲ ಆವೃತ್ತಿಯಲ್ಲಿ ಎಲ್ಲರ ನೆನಪಿನಲ್ಲಿ ಉಳಿದವರಾದರೋ ಮಹಾರಾಷ್ಟ್ರದ ಮಾಲೆಗಾಂವ್ ಕಡೆಯ ಕಮಲೇಶ್ ಘುಮರೆ ಎಂಬ ರೈತಕುಟುಂಬದ ಯುವಕರು. ಔಷಧ ತುಂಬಿದ ಟ್ಯಾಂಕನ್ನು ಬೆನ್ನಿನ ಮೇಲೆ ಹೊತ್ತು ಸಿಂಪಡಿಸುವ ಕಷ್ಟವನ್ನು ತಪ್ಪಿಸಲು, ತಳ್ಳಿಕೊಂಡು ಹೋಗಬಹುದಾದ ಚಕ್ರದ ಸಾಧನವನ್ನು ಅವರು ತಾವೇ ತಯಾರಿಸಿ ತಂದಿದ್ದರು. ನೋಡಿದವರಿಗೆ ಸಮಸ್ಯೆಯೂ ಪರಿಹಾರವೂ ಒಂದೇ ಕ್ಷಣದಲ್ಲಿ ಅರ್ಥವಾದವು. ಇಂಗ್ಲಿಷಿನ ಅಗತ್ಯವೇ ಬೀಳಲಿಲ್ಲ.

ಆದರೆ ಆ ಪ್ರಸಂಗದ ಇನ್ನೊಂದು ಮುಖವನ್ನೂ ಸದಸ್ಯರು ಗಮನಿಸಬೇಕು. ಹೂಡಿಕೆದಾರ ಪಿಯೂಷ್ ಬನ್ಸಲ್ ಅವರಿಗೆ ದೊರೆತದ್ದು 10 ಲಕ್ಷ ರೂಪಾಯಿಗೆ ಶೇ. 40ರಷ್ಟು ಪಾಲು, ಅದರ ಜೊತೆಗೆ ಅವರು 20 ಲಕ್ಷ ರೂಪಾಯಿ ಬಡ್ಡಿರಹಿತ ಸಾಲ ನೀಡಲು ಒಪ್ಪಿದರು. ಶೇ. 40ಕ್ಕೆ 10 ಲಕ್ಷವೆಂದರೆ ಇಡೀ ಉದ್ಯಮದ ಬೆಲೆ 25 ಲಕ್ಷವೆಂದು ನಿಗದಿಯಾದಂತೆ. ಒಳ್ಳೆಯ ಅಭಿಪ್ರಾಯ ಮೂಡಿದೆ ಎಂಬ ಸಂತೋಷದಲ್ಲಿ ಎಷ್ಟು ಪಾಲು ಬಿಟ್ಟುಕೊಡುತ್ತಿದ್ದೇನೆ ಎಂಬ ಲೆಕ್ಕ ಮರೆಯಬಾರದು. ಅಲ್ಲಿ ಅದು ನ್ಯಾಯವಾದ ಒಪ್ಪಂದವೇ ಆಗಿದ್ದಿರಬಹುದು. ಆದರೆ ಊರಿನ ಯುವಕನೊಬ್ಬನು ಕಾಗದಕ್ಕೆ ಸಹಿ ಹಾಕುವ ಮುನ್ನ ಈ ಭಾಗಾಕಾರವನ್ನು ತಾನೇ ಮಾಡಿ ನೋಡಿರಬೇಕು, ಲೆಕ್ಕಪರಿಶೋಧಕರೊಬ್ಬರಿಗೆ ತೋರಿಸಿಯೂ ಇರಬೇಕು.

ಹಾಳೆತಟ್ಟೆ ಘಟಕ: ಒಂದು ಲೆಕ್ಕ

ವಿಷಯ ಸ್ಪಷ್ಟವಾಗಲು ಮಲೆನಾಡು, ಕರಾವಳಿ ಹಾಗೂ ಅಡಿಕೆ ಬೆಳೆಯುವ ಇತರ ತಾಲ್ಲೂಕುಗಳ ಸದಸ್ಯರಿಗೆ ಪರಿಚಿತವಾದ ಹಾಳೆತಟ್ಟೆ ಘಟಕವನ್ನು ತೆಗೆದುಕೊಳ್ಳಬಹುದು. ಕೆಳಗಿನ ಸಂಖ್ಯೆಗಳು ಲೆಕ್ಕದ ರೀತಿಯನ್ನು ತೋರಿಸಲು ಊಹಿಸಿಕೊಂಡವು. ಪ್ರತಿ ಊರಿನ ದರ ಬೇರೆಯೇ ಇರುತ್ತದೆ.

ಒಂದು ತಟ್ಟೆಗೆ ಒಂದು ಹಾಳೆ, ಸಾಗಣೆ ಸೇರಿ 1 ರೂಪಾಯಿ. ಕೂಲಿ 80 ಪೈಸೆ, ವಿದ್ಯುತ್ 30 ಪೈಸೆ, ಪ್ಯಾಕಿಂಗ್ 20 ಪೈಸೆ. ಒಟ್ಟು 2 ರೂಪಾಯಿ 30 ಪೈಸೆ. ಮಾರಾಟ ದರ 3 ರೂಪಾಯಿ. ತಟ್ಟೆಗೆ 70 ಪೈಸೆ ಉಳಿಯುತ್ತದೆ. ತಿಂಗಳಿಗೆ 50,000 ತಟ್ಟೆ ತಯಾರಾದರೆ 35,000 ರೂಪಾಯಿ. ಅದರಲ್ಲಿ ಬಾಡಿಗೆ, ಯಂತ್ರದ ದುರಸ್ತಿ ಇತ್ಯಾದಿ ಸ್ಥಿರ ವೆಚ್ಚ 15,000 ಕಳೆದರೆ ಕೈಗೆ 20,000. ಮಳೆಗಾಲದ ನಾಲ್ಕು ತಿಂಗಳು ಒಣ ಹಾಳೆ ಸಿಗುವುದಿಲ್ಲ, ಇದ್ದದ್ದಕ್ಕೂ ಬೂಷ್ಟು ಹಿಡಿಯುತ್ತದೆ. ಉತ್ಪಾದನೆ ಅರ್ಧಕ್ಕೆ ಇಳಿಯುತ್ತದೆ. ಆಗ 25,000 ತಟ್ಟೆಗೆ 17,500 ರೂಪಾಯಿ ಬಂದು, ಸ್ಥಿರ ವೆಚ್ಚ ಕಳೆದರೆ ತಿಂಗಳಿಗೆ ಉಳಿಯುವುದು ಕೇವಲ 2,500.

ಈ ಘಟಕದ ಯುವ ಉದ್ಯಮಿಯು 8 ಲಕ್ಷ ರೂಪಾಯಿ ಬೇಕೆಂದು ಪ್ರಸ್ತಾವನೆ ಬರೆದಿದ್ದಾನೆಂದು ಭಾವಿಸೋಣ: ಮಳೆಗಾಲಕ್ಕೆ ಹಾಳೆ ದಾಸ್ತಾನು 1 ಲಕ್ಷ, ತೇವ ತಾಗದ ಗೋದಾಮು 2 ಲಕ್ಷ, ಹೊಸ ಯಂತ್ರಗಳು ಹಾಗೂ ಒಂದು ಸರಕು ವಾಹನ 5 ಲಕ್ಷ. ಕಡತ ಅಚ್ಚುಕಟ್ಟಾಗಿದೆ, ಚಿತ್ರಗಳೂ ಇವೆ. ಆದರೆ ಅನುಭವಿ ಹೂಡಿಕೆದಾರನಾಗಲಿ ಬ್ಯಾಂಕ್ ಅಧಿಕಾರಿಯಾಗಲಿ ಎರಡನೆಯ ನಿಮಿಷದಲ್ಲಿಯೇ ಮನಸ್ಸಿನಲ್ಲಿ ಒಂದು ಲೆಕ್ಕ ಹಾಕುತ್ತಾನೆ. ಇರುವ ಯಂತ್ರಗಳೇ ಮಳೆಗಾಲದಲ್ಲಿ ಅರ್ಧ ನಿಂತಿರುವಾಗ ಹೊಸ ಯಂತ್ರವೇಕೆ? ದಾಸ್ತಾನಿನಿಂದ ಮಳೆಗಾಲದ ನಷ್ಟ ತಪ್ಪಿದರೆ ಹೆಚ್ಚುವ ಆದಾಯ ತಿಂಗಳಿಗೆ 17,500ರಂತೆ ನಾಲ್ಕು ತಿಂಗಳಿಗೆ 70,000. ಎಂಟು ಲಕ್ಷಕ್ಕೆ ಶೇ. 10ರ ದರದಲ್ಲಿ ವರ್ಷದ ಬಡ್ಡಿಯೇ 80,000. ಈ ಯುವಕನು ತನ್ನ ಲೆಕ್ಕವನ್ನು ತಾನೇ ಮಾಡಿಲ್ಲ ಎಂಬ ಅಭಿಪ್ರಾಯ ಅಲ್ಲಿಗೆ ಸ್ಥಿರವಾಗುತ್ತದೆ. ಮುಂದಿನ ಇಪ್ಪತ್ತು ನಿಮಿಷದ ವಿವರಣೆ ಅದನ್ನು ಅಳಿಸಲಾರದು.

ಅದೇ ಯುವಕನು ಯಂತ್ರ ಮತ್ತು ವಾಹನವನ್ನು ಕೈಬಿಟ್ಟು 3 ಲಕ್ಷ ಮಾತ್ರ ಕೇಳಿದರೆ ಬಡ್ಡಿ 30,000, ಹೆಚ್ಚುವರಿ ಆದಾಯ 70,000. “ಮಳೆಗಾಲದ ನಾಲ್ಕು ತಿಂಗಳು ನನ್ನ ಯಂತ್ರಗಳು ಅರ್ಧ ನಿಲ್ಲುತ್ತವೆ. ಒಂದು ಲಕ್ಷ ಹಾಳೆಯನ್ನು ಬೇಸಿಗೆಯಲ್ಲಿಯೇ ಕೊಂಡು ಒಣಗಿಸಿಟ್ಟರೆ ಅವು ನಿಲ್ಲುವುದಿಲ್ಲ. ಅದಕ್ಕೆ ಮೂರು ಲಕ್ಷ ಬೇಕು” ಎಂಬ ಮೂರು ವಾಕ್ಯಗಳು ಸಾಕು. ಇದು ಸಾಲದ ಪ್ರಸ್ತಾವನೆ. 50,000ದಿಂದ 5 ಲಕ್ಷದವರೆಗಿನ ಮುದ್ರಾ ಕಿಶೋರ್ ಸಾಲದ ಮಿತಿಯೊಳಗೆ ಬರುತ್ತದೆ. ಪಾಲು ಕೊಳ್ಳುವ ಹೂಡಿಕೆದಾರನ ಬಳಿ ಹೋಗಬೇಕಾದರೆ ಮಾತೇ ಬೇರೆಯಾಗಬೇಕು: ಸುತ್ತಲಿನ ಇಪ್ಪತ್ತು ಸಣ್ಣ ಘಟಕಗಳಿಂದ ತಟ್ಟೆ ಸಂಗ್ರಹಿಸಿ, ಒಂದೇ ಗುಣಮಟ್ಟಕ್ಕೆ ತಂದು, ಒಂದು ಹೆಸರಿನಲ್ಲಿ ಬೆಂಗಳೂರಿನ ಅಡುಗೆ ಗುತ್ತಿಗೆದಾರರಿಗೂ ಕಲ್ಯಾಣ ಮಂಟಪಗಳಿಗೂ ಮಾರುವ ವ್ಯವಸ್ಥೆ. ವಸ್ತು ಒಂದೇ ಆದರೂ ಉದ್ಯಮ ಬೇರೆ.

ಮೊದಲ ವಾಕ್ಯ

ಗ್ರಾಮೀಣ ಉದ್ಯಮಿಗಳ ಮಾತು ಬಹುತೇಕ ಸಂದರ್ಭಗಳಲ್ಲಿ ಸಭಾ ಮರ್ಯಾದೆಯಿಂದ ಆರಂಭವಾಗುತ್ತದೆ. ಗಣ್ಯರಿಗೆ ವಂದನೆ, ಊರಿನ ಇತಿಹಾಸ, ಪ್ಲಾಸ್ಟಿಕ್‌ನಿಂದ ಭೂಮಿಗೆ ಆಗುತ್ತಿರುವ ಹಾನಿ. ಇಷ್ಟರಲ್ಲಿ ನಾಲ್ಕು ನಿಮಿಷ ಮುಗಿದಿರುತ್ತದೆ. ಏಕಬಳಕೆ ಪ್ಲಾಸ್ಟಿಕ್ ವಸ್ತುಗಳ ಮೇಲೆ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧವಿದೆ ಎಂಬುದು ಹೂಡಿಕೆದಾರರಿಗೆ ಗೊತ್ತಿರುತ್ತದೆ. ಅವರಿಗೆ ಗೊತ್ತಿಲ್ಲದ್ದು ಈ ಘಟಕದ ತಟ್ಟೆಯನ್ನು ಯಾರು ಕೊಳ್ಳುತ್ತಿದ್ದಾರೆ, ಎರಡನೆಯ ಬಾರಿ ಕೊಂಡರೇ, ಯಾವ ದರಕ್ಕೆ ಕೊಂಡರು ಎಂಬುದು. ಆದ್ದರಿಂದ ಅದನ್ನೇ ಮೊದಲು ಹೇಳಬೇಕು. ಮರುಖರೀದಿ ಮಾಡಿದ ಮೂವರು ಗಿರಾಕಿಗಳ ಬಿಲ್ಲು ಮೂವತ್ತು ಪ್ರಶಸ್ತಿಪತ್ರಗಳಿಗಿಂತ ತೂಕದ್ದು.

ಪರದೆಯ ಮೇಲೆ ತೋರಿಸುವ ಪುಟಗಳ ಬಗ್ಗೆ ಗೈ ಕವಾಸಾಕಿ ಎಂಬ ಅಮೆರಿಕದ ಹೂಡಿಕೆದಾರರು ಹೇಳಿದ ಹಳೆಯ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಹತ್ತು ಪುಟ, ಇಪ್ಪತ್ತು ನಿಮಿಷ, ಅಕ್ಷರದ ಗಾತ್ರ 30 ಪಾಯಿಂಟ್‌ಗಿಂತ ಕಡಿಮೆ ಬೇಡ. ಪಂಚಾಯತಿಗಳಲ್ಲಿ ತೋರಿಸುವ ಪ್ರಗತಿ ವರದಿಯ ಪುಟಗಳಿಗೂ ಈ ಸೂತ್ರವನ್ನು ಅನ್ವಯಿಸಿದರೆ ತಪ್ಪೇನಿಲ್ಲ.

ಉಡುಪು, ಭಾಷೆಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಶುಭ್ರವಾದ ನಿತ್ಯದ ಉಡುಪು ಸಾಕು. ತನಗೆ ಬರುವ ಭಾಷೆಯಲ್ಲಿ ಮಾತನಾಡಿ, ಬೇಕಾದರೆ ಜೊತೆಗೊಬ್ಬರು ಅನುವಾದಿಸಲಿ. ಸಮಯಕ್ಕೆ ಹದಿನೈದು ನಿಮಿಷ ಮೊದಲು ತಲುಪಬೇಕು.

ಕಷ್ಟದ ಪ್ರಶ್ನೆ ಬಂದಾಗ

ಹೂಡಿಕೆದಾರರು ಉದ್ದೇಶಪೂರ್ವಕವಾಗಿಯೇ ಕಹಿಯಾದ ಪ್ರಶ್ನೆಯೊಂದನ್ನು ಕೇಳುತ್ತಾರೆ. ಹಾಳೆತಟ್ಟೆಯ ವಿಷಯದಲ್ಲಿ ಅಂತಹ ಪ್ರಶ್ನೆ ಸಿದ್ಧವಾಗಿಯೇ ಇದೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆಗಳನ್ನು ಆಹಾರಕ್ಕೆ ಬಳಸಬಾರದೆಂದು ಅಲ್ಲಿನ ಮಾರಾಟಗಾರರಿಗೆ ಎಚ್ಚರಿಕೆ ನೀಡಿತು. ಅಡಿಕೆಯಲ್ಲಿರುವ ಆಲ್ಕಲಾಯ್ಡ್ ಅಂಶಗಳು ಆಹಾರಕ್ಕೆ ಸೇರಬಹುದೆಂಬುದು ಅದರ ಕಾರಣ. ರಫ್ತನ್ನು ನಂಬಿದ್ದ ಘಟಕಗಳಿಗೆ ಇದು ದೊಡ್ಡ ಪೆಟ್ಟು. ಇದನ್ನು ಕೇಳಿದಾಗ “ಅದೆಲ್ಲ ಸುಳ್ಳು, ನಮ್ಮ ಅಜ್ಜಂದಿರು ಹಾಳೆಯಲ್ಲಿಯೇ ಉಂಡವರು” ಎಂದು ಸಿಡುಕುವ ಉದ್ಯಮಿಯೂ, ಸುದ್ದಿಯನ್ನೇ ಕೇಳದ ಉದ್ಯಮಿಯೂ ಸಮಾನವಾಗಿ ಸೋಲುತ್ತಾರೆ. “ಹೌದು. ಅಮೆರಿಕದ ಮಾರುಕಟ್ಟೆಯನ್ನು ನಾನು ಲೆಕ್ಕದಲ್ಲಿ ಹಿಡಿದಿಲ್ಲ. ನನ್ನ ಗಿರಾಕಿಗಳು ಈ ಜಿಲ್ಲೆಯವರು, ತಟ್ಟೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಕೊಟ್ಟಿದ್ದೇನೆ, ವರದಿ ಬಂದ ದಿನವೇ ನಿಮಗೂ ಕಳುಹಿಸುತ್ತೇನೆ” ಎನ್ನುವವನ ಬಗ್ಗೆ ನಂಬಿಕೆ ಬೆಳೆಯುತ್ತದೆ. ಪರೀಕ್ಷೆಗೆ ನಿಜವಾಗಿಯೂ ಕೊಟ್ಟಿರಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಮಹಿಳಾ ಉದ್ಯಮಿಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅರ್ಧದಷ್ಟು ಸ್ಥಾನಗಳಲ್ಲಿ ಮಹಿಳೆಯರೇ ಇರುವ ನಮ್ಮ ಪಂಚಾಯತಿಗಳು ಅದನ್ನು ಬೇಗ ಗುರುತಿಸಬಲ್ಲವು. 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಉದ್ಯಮ ಪ್ರಸ್ತಾವನೆಯ ಒಂದೇ ಬರಹವನ್ನು ಪುರುಷ ಧ್ವನಿಯಲ್ಲಿಯೂ ಸ್ತ್ರೀ ಧ್ವನಿಯಲ್ಲಿಯೂ ಓದಿಸಿದಾಗ, ಕೇಳಿದವರಲ್ಲಿ ಶೇ. 68ರಷ್ಟು ಮಂದಿ ಪುರುಷ ಧ್ವನಿಯ ಪ್ರಸ್ತಾವನೆಗೇ ಹಣ ಕೊಡುವುದಾಗಿ ಹೇಳಿದರು. 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಕಾರಣದ ಒಂದು ಎಳೆಯನ್ನು ಹಿಡಿಯಿತು: ಹೂಡಿಕೆದಾರರು ಪುರುಷರನ್ನು ಎಷ್ಟು ಬೆಳೆಯುವಿರಿ ಎಂದೂ, ಮಹಿಳೆಯರನ್ನು ನಷ್ಟವಾಗದಂತೆ ಹೇಗೆ ಕಾಯುವಿರಿ ಎಂದೂ ಕೇಳುವುದು ಹೆಚ್ಚು. ಕಾಯುವ ಪ್ರಶ್ನೆಗೆ ಕಾಯುವ ಉತ್ತರವನ್ನಷ್ಟೇ ಕೊಟ್ಟವರಿಗೆ ಕಡಿಮೆ ಹಣವೂ, ಉತ್ತರವನ್ನು ಬೆಳವಣಿಗೆಯ ಕಡೆಗೆ ತಿರುಗಿಸಿದವರಿಗೆ ಹೆಚ್ಚು ಹಣವೂ ದೊರೆತಿತ್ತು. ಸಂಜೀವಿನಿ ಒಕ್ಕೂಟದ ಮಹಿಳೆಯೊಬ್ಬರನ್ನು “ಇರುವ ಗಿರಾಕಿಗಳು ಕೈಬಿಟ್ಟರೆ ಏನು ಮಾಡುವಿರಿ?” ಎಂದು ಕೇಳಿದರೆ, “ಇದುವರೆಗೆ ಯಾರೂ ಬಿಟ್ಟಿಲ್ಲ, ಈ ವರ್ಷ ಪಕ್ಕದ ಎರಡು ತಾಲ್ಲೂಕುಗಳಿಂದ ಬೇಡಿಕೆ ಬಂದಿದೆ, ಅದನ್ನು ಪೂರೈಸಲೆಂದೇ ಈ ಹಣ” ಎಂಬ ಉತ್ತರ ಅಭ್ಯಾಸದಲ್ಲಿರಬೇಕು. ಇಂತಹ ಪಕ್ಷಪಾತವನ್ನು ಉತ್ತರದ ಜಾಣ್ಮೆಯಿಂದ ಸರಿದೂಗಿಸಬೇಕಾಗಿರುವುದು ನ್ಯಾಯವಲ್ಲ. ಆದರೆ ಸದ್ಯಕ್ಕೆ ಅವರ ಕೈಯಲ್ಲಿರುವ ಉಪಾಯ ಅದು.

ಒಂದು ಕಡೆ ಇಲ್ಲವೆಂದರೆ ಉದ್ಯಮ ಕೆಟ್ಟದ್ದೆಂದು ಅರ್ಥವಲ್ಲ. ಇಂದು ಜಗತ್ತಿನಾದ್ಯಂತ ಹೆಸರಾಗಿರುವ ಏರ್‌ಬಿಎನ್‌ಬಿ ಸಂಸ್ಥೆಯ ಸ್ಥಾಪಕರು 2008ರಲ್ಲಿ ಏಳು ಹೂಡಿಕೆದಾರರನ್ನು ಸಂಪರ್ಕಿಸಿದ್ದರು. ಐವರು ನಿರಾಕರಿಸಿದರು, ಇಬ್ಬರು ಉತ್ತರವನ್ನೇ ಕೊಡಲಿಲ್ಲ.

ಹೂಡಿಕೆದಾರರು ಊರಿಗೆ ಬಂದಾಗ

ಪಂಚಾಯತಿಯ ಪಾತ್ರ ನೇರವಾಗಿ ಆರಂಭವಾಗುವುದು ಇಲ್ಲಿ. ಹೂಡಿಕೆದಾರರು ಘಟಕ ನೋಡಲು ಬರುವಾಗ ಅವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಗಂಟೆ ಇರುತ್ತದೆ. ಹಾರ, ಶಾಲು, ಪೇಟ, ಸ್ವಾಗತ ಭಾಷಣ, ಛಾಯಾಚಿತ್ರಗಳಲ್ಲಿ ನಲವತ್ತು ನಿಮಿಷ ಕಳೆದರೆ ಯಂತ್ರ ನೋಡಲು ಉಳಿಯುವುದು ಇಪ್ಪತ್ತು. ಅತಿಥಿ ಸತ್ಕಾರ ನಮ್ಮ ಊರುಗಳ ಗುಣ. ಅದನ್ನು ಒಂದು ಎಳನೀರಿಗೆ ಸೀಮಿತಗೊಳಿಸಿದರೆ ಯಾರಿಗೂ ಅಗೌರವವಾಗದು.

ಮಾತಿನಲ್ಲಿಯೂ ಹಿಡಿತ ಬೇಕು. “ಎಷ್ಟು ಜಾಗ ಬೇಕಾದರೂ ಗೋಮಾಳದಲ್ಲಿ ಕೊಡಿಸುತ್ತೇವೆ” ಎಂಬ ಭರವಸೆಯನ್ನು ಯಾವ ಸದಸ್ಯರೂ ನೀಡಬಾರದು. ಗೋಮಾಳವು ಕಂದಾಯ ಇಲಾಖೆಗೆ ಸೇರಿದ್ದು, ಪಂಚಾಯತಿಗೆ ಆ ಅಧಿಕಾರವಿಲ್ಲ. ಬಂದವರು ಮರುದಿನವೇ ಅದನ್ನು ವಿಚಾರಿಸಿ ತಿಳಿದುಕೊಳ್ಳುತ್ತಾರೆ, ಉದ್ಯಮಿಯ ಉಳಿದ ಮಾತುಗಳೂ ಅನುಮಾನಕ್ಕೆ ಒಳಗಾಗುತ್ತವೆ. ತಮ್ಮ ಕಡೆಯವರಿಗೆ ಕೆಲಸ ಕೊಡಬೇಕೆಂಬ ಕೋರಿಕೆಗೂ ಅದು ಸಮಯವಲ್ಲ. ಉದ್ಯಮಿಯು ಸದಸ್ಯರ ಬಂಧುವಾಗಿದ್ದರೆ ಅದನ್ನು ಮೊದಲೇ ಹೇಳುವುದು ಒಳಿತು. ಪರವಾನಗಿ ವಿಷಯ ಸಭೆಗೆ ಬಂದಾಗ ಆ ಸದಸ್ಯರು ಚರ್ಚೆಯಿಂದ ದೂರವಿರಬೇಕು.

ಮಾತಿಗಿಂತ ದೊಡ್ಡ ನೆರವು ಕಾಗದದ್ದು. ಹಣ ಬಿಡುಗಡೆಗೆ ಮುನ್ನ ಹೂಡಿಕೆದಾರರ ಕಡೆಯ ವಕೀಲರು ಕೇಳುವ ದಾಖಲೆಗಳಲ್ಲಿ ಇ-ಸ್ವತ್ತು ನಮೂನೆ 9 ಮತ್ತು 11, ಕಟ್ಟಡ ಪರವಾನಗಿ, ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಂತೆ ಯಂತ್ರ ಸ್ಥಾಪನೆಗೆ ಅನುಮತಿ, ತೆರಿಗೆ ಪಾವತಿ ರಸೀದಿಗಳು ಇರುತ್ತವೆ. ಇವು ಗ್ರಾಮ ಪಂಚಾಯತಿಯ ಮೇಜಿನ ಮೇಲಿಂದಲೇ ಹೋಗಬೇಕು. ಹೂಡಿಕೆದಾರರ ಮುಂದೆ ಚೆನ್ನಾಗಿ ಮಾತನಾಡಿ ಒಪ್ಪಿಗೆ ಪಡೆದ ಉದ್ಯಮಿಯು ಒಂದು ನಮೂನೆಗಾಗಿ ಮೂರು ಸಾಮಾನ್ಯ ಸಭೆಗಳವರೆಗೆ ಕಾಯಬೇಕಾದರೆ, ಅಷ್ಟರಲ್ಲಿ ಆ ಹಣ ಬೇರೊಂದು ತಾಲ್ಲೂಕಿಗೆ ಹೋಗಿರುತ್ತದೆ. ಅರ್ಜಿ ನಿಯಮಬದ್ಧವಾಗಿಲ್ಲದಿದ್ದರೆ ಕೊರತೆಯನ್ನು ಮೊದಲ ವಾರದಲ್ಲಿಯೇ ಲಿಖಿತವಾಗಿ ತಿಳಿಸುವುದು ಸಹ ನೆರವೇ. ತ್ಯಾಜ್ಯ ನೀರು, ಶಬ್ದ, ನೆರೆಹೊರೆಯವರ ಆಕ್ಷೇಪಣೆಗಳನ್ನು ಪರಿಶೀಲಿಸದೆ ಅವಸರದಲ್ಲಿ ಅನುಮತಿ ಕೊಡಬೇಕೆಂದು ಇದರ ಅರ್ಥವಲ್ಲ.

ಸಭಾಂಗಣದಲ್ಲಿ ಒಂದು ಅಭ್ಯಾಸ

ಭೇಟಿಗೆ ಒಂದು ವಾರ ಮೊದಲು ಪಂಚಾಯತಿ ಸಭಾಂಗಣದಲ್ಲಿಯೇ ಉದ್ಯಮಿಗೆ ಅಭ್ಯಾಸದ ಅವಕಾಶ ಕೊಡಬಹುದು. ಐದಾರು ಸದಸ್ಯರು, ಒಕ್ಕೂಟದ ಇಬ್ಬರು, ಸಾಧ್ಯವಾದರೆ ಸ್ಥಳೀಯ ಬ್ಯಾಂಕಿನ ಅಧಿಕಾರಿಯೊಬ್ಬರು ಕುಳಿತರೆ ಸಾಕು. ನಾಲ್ಕು ನಿಮಿಷಕ್ಕೆ ಮೊಬೈಲಿನಲ್ಲಿ ಗಂಟೆ ಹೊಂದಿಸಿ, ಗಂಟೆ ಬಾರಿಸಿದ ಕೂಡಲೇ ಮಾತು ನಿಲ್ಲಿಸಬೇಕು. ಆ ಉದ್ಯಮದ ಬಗ್ಗೆ ಏನೂ ಗೊತ್ತಿಲ್ಲದ ಸದಸ್ಯರೊಬ್ಬರು ಎದ್ದು ತಮಗೆ ಅರ್ಥವಾದದ್ದನ್ನು ಹೇಳಬೇಕು: ಏನು ತಯಾರಾಗುತ್ತದೆ, ಯಾರು ಕೊಳ್ಳುತ್ತಾರೆ, ಎಷ್ಟು ಹಣ ಬೇಕು, ಏತಕ್ಕೆ ಬೇಕು. ಈ ನಾಲ್ಕರಲ್ಲಿ ಯಾವುದು ತಪ್ಪಿಹೋಯಿತೋ ಉದ್ಯಮಿಯು ಅದನ್ನು ಮಾತಿನ ಮೊದಲಿಗೆ ತರಬೇಕು. ನಂತರ ಸದಸ್ಯರು ತಮಗೆ ತೋಚಿದ ಅತಿ ಕಠಿಣ ಪ್ರಶ್ನೆಗಳನ್ನು ಕೇಳಲಿ. ಸಾಮಾನ್ಯ ಸಭೆಯಲ್ಲಿ ಒಂದು ಕಾಮಗಾರಿಯ ಬಿಲ್ಲಿನ ಮೇಲೆ ಕೇಳುವಷ್ಟು ಕಠಿಣವಾಗಿ ಕೇಳಿದರೆ ಉತ್ತಮ. ಆ ವಿದ್ಯೆಯಲ್ಲಿ ಸದಸ್ಯರಿಗೆ ತರಬೇತಿ ಬೇಕಾಗದು.

ಅಭ್ಯಾಸವನ್ನು ಒಮ್ಮೆ ವಿದ್ಯುತ್ ಆಫ್ ಮಾಡಿಯೂ ನಡೆಸಬೇಕು. ಪರದೆಯ ಪುಟಗಳಿಲ್ಲದೆ, ಕೈಯಲ್ಲಿ ಒಂದು ತಟ್ಟೆಯನ್ನೋ ಒಂದು ಪೊಟ್ಟಣವನ್ನೋ ಹಿಡಿದು ಮಾತನಾಡಲು ಬರಬೇಕು. ಪುಟಗಳ ಮೂರು ಮುದ್ರಿತ ಪ್ರತಿಗಳೂ, ಮರುಖರೀದಿಯ ಬಿಲ್ಲುಗಳೂ ಚೀಲದಲ್ಲಿರಲಿ. ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಕರೆಂಟು ಇರುತ್ತದೆಂದು ಯಾರೂ ಖಾತರಿ ಕೊಡಲಾರರು.